ಮೊದಲು ಪ್ರಿಂಟ್ ಮಾಡಿ, ಆಮೇಲೆ ಫಿಲ್ಟರ್ ಹಾಕಿ

ನಮಸ್ಕಾರ. ಓಪನ್‌ಸಿವಿ, ಅಂದ್ರೆ ಕೋಡ್‌ನಿಂದ ಚಿತ್ರ, ವಿಡಿಯೋಗಳ ಮೇಲೆ ಕೆಲಸ ಮಾಡೋ ಲೈಬ್ರರಿ, ಕಲಿಯೋಕೆ ಶುರು ಮಾಡೋರಿಗೆ ಅಂತ ಹಾಕಿದ್ದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಶೇಪು, ಡಿಟೈಪು ಅಂತ ಯಾಕೆ ಟೈಮ್ ವೇಸ್ಟ್ ಮಾಡ್ತೀರಾ? ಡೈರೆಕ್ಟಾಗಿ ಫೇಸ್ ಡಿಟೆಕ್ಷನ್ ತೋರಿಸಿ." ಅದಕ್ಕೆ ಸಿಕ್ಕಾಪಟ್ಟೆ ಲೈಕು ಬೇರೆ. ಸರಿ, ಇವತ್ತು ಇದೊಂದನ್ನೇ ಮಾತಾಡೋಣ.

ಚಿತ್ರ ಓದಿದ ತಕ್ಷಣದ ಸಾಲು ಪ್ರಿಂಟ್ ಆಗಿರಬೇಕು. ಐಎಂಜಿ ಡಾಟ್ ಶೇಪ್, ಐಎಂಜಿ ಡಾಟ್ ಡಿಟೈಪ್, ಐಎಂಜಿ ಡಾಟ್ ಮಿನ್, ಐಎಂಜಿ ಡಾಟ್ ಮ್ಯಾಕ್ಸ್. ಐಎಂಜಿ ಅನ್ನೋದು ಓದಿದ ಚಿತ್ರ, ಶೇಪ್ ಅದರ ಅಳತೆ, ಡಿಟೈಪ್ ಅದರ ಪಿಕ್ಸೆಲ್‌ಗಳು ಯಾವ ಬಗೆಯ ಸಂಖ್ಯೆ ಅನ್ನೋದು, ಮಿನ್, ಮ್ಯಾಕ್ಸ್ ಅವುಗಳಲ್ಲಿ ಅತಿ ಚಿಕ್ಕ, ಅತಿ ದೊಡ್ಡ ಬೆಲೆ. ಕೊನೆಯ ಎರಡಕ್ಕೆ ಬ್ರಾಕೆಟ್ ಬೇಕು, ಮೊದಲಿನ ಎರಡಕ್ಕೆ ಬೇಡ. ಇಷ್ಟು ನೋಡದೆ ಬ್ಲರ್ ಇಲ್ಲ, ಥ್ರೆಶೋಲ್ಡ್ ಇಲ್ಲ, ಫೇಸ್ ಡಿಟೆಕ್ಷನ್ ಅಂತೂ ಇಲ್ವೇ ಇಲ್ಲ.

ಇನ್‌ಸ್ಟಾಲ್ ಮಾಡೋದನ್ನ ಬೇಗ ಮುಗಿಸಿಬಿಡ್ತೀನಿ. ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡ್ಕೊಳ್ಳಿ, ಅದರೊಳಗೆ ಪಿಪ್ ಇನ್‌ಸ್ಟಾಲ್ ಓಪನ್‌ಸಿವಿ-ಪೈಥಾನ್. ಚಿತ್ರವನ್ನ ಸಂಖ್ಯೆಗಳ ಪಟ್ಟಿಯಾಗಿ ಇಟ್ಕೊಳ್ಳೋ ನಂಪೈ ಲೈಬ್ರರಿ ತಾನಾಗೇ ಬರುತ್ತೆ. ಕಾಂಟ್ರಿಬ್, ಹೆಡ್‌ಲೆಸ್ ಅಂತ ಬೇರೆ ಪ್ಯಾಕೇಜುಗಳೂ ಇವೆ. ಎಲ್ಲವೂ ಸಿವಿ2 ಅನ್ನೋ ಒಂದೇ ಹೆಸರಲ್ಲಿ ಬಂದು ಕೂರೋದ್ರಿಂದ ಯಾವುದಾದ್ರೂ ಒಂದನ್ನ ಮಾತ್ರ ಹಾಕಿ. ಹೆಡ್‌ಲೆಸ್ ಇರೋದು ಸ್ಕ್ರೀನ್ ಇಲ್ಲದ ಸರ್ವರ್‌ಗೆ, ಅದರಲ್ಲಿ ಚಿತ್ರವನ್ನ ವಿಂಡೋದಲ್ಲಿ ತೋರಿಸೋ ಐಎಂಶೋ ನಡೆಯಲ್ಲ. ಮತ್ತೆ, ನಿಮ್ಮ ಫೈಲಿಗೇ ಸಿವಿ2 ಡಾಟ್ ಪಿವೈ ಅಂತ ಹೆಸರಿಡಬೇಡಿ. ಪೈಥಾನ್ ಲೈಬ್ರರಿ ಬಿಟ್ಟು ಅದನ್ನೇ ಇಂಪೋರ್ಟ್ ಮಾಡ್ಕೊಳ್ಳುತ್ತೆ.

ಈಗ ಚಿತ್ರ ಓದೋ ಐಎಂರೀಡ್‌ಗೆ ತಪ್ಪು ಪಾತ್ ಕೊಡಿ. ಪ್ರೋಗ್ರಾಂ ನಿಲ್ಲಲ್ಲ, ಎಕ್ಸೆಪ್ಶನ್ ಬರಲ್ಲ. ಓಪನ್‌ಸಿವಿ 1999ರಲ್ಲಿ ಇಂಟೆಲ್‌ನಲ್ಲಿ ಶುರುವಾದ ಲೈಬ್ರರಿ, ಒಳಗಿರೋದು ಸಿ++. ಫೈಲ್ ಓದೋಕೆ ಆಗದಿದ್ರೆ ಅಲ್ಲಿ ಖಾಲಿ ಮ್ಯಾಟ್ರಿಕ್ಸ್ ವಾಪಸ್ ಬರುತ್ತೆ, ಪೈಥಾನ್‌ಗೆ ಬರುವಾಗ ಅದೇ 'ನನ್' (None, ಅಂದ್ರೆ ಏನೂ ಇಲ್ಲ) ಆಗುತ್ತೆ. ಎರರ್ ಸಿಡಿಯೋದು ಮುಂದೆಲ್ಲೋ ಬಣ್ಣ ಬದಲಾಯಿಸೋ ಸಿವಿಟಿಕಲರ್ ಸಾಲಲ್ಲಿ, ಅಸರ್ಷನ್ ಫೇಲ್ಡ್ ಅಂತ. ಜನ ಆ ಸಾಲನ್ನೇ ತಿದ್ದುತ್ತಾ ಕೂತಿರ್ತಾರೆ. ಕಳ್ಳನ್ನ ಬಿಟ್ಟು ಪಕ್ಕದ ಮನೆಯವನನ್ನ ಹಿಡಿದ ಹಾಗೆ. ಪ್ರಿಂಟ್ ಇದ್ದಿದ್ರೆ? ನನ್‌ಗೆ ಶೇಪ್ ಇಲ್ಲ, ಓದಿದ ಮರುಸಾಲಲ್ಲೇ ಸಿಕ್ಕಿಬೀಳ್ತಿತ್ತು. ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರು ಇಂಗ್ಲಿಷ್ ಅಲ್ಲದ ಲಿಪಿಯಲ್ಲಿದ್ರೆ ಫೈಲ್ ಇದ್ದರೂ ನನ್ ಬರಬಹುದು. ಆಗ ನಂಪೈನ ಫ್ರಂಫೈಲ್‌ನಿಂದ ಬೈಟ್‌ಗಳನ್ನ ಓದಿ, ಅವನ್ನ ಚಿತ್ರ ಮಾಡೋ ಐಎಂಡಿಕೋಡ್‌ಗೆ ಕೊಡಿ.

ಶೇಪ್ 1080, 1920, 3 ಅಂತ ಬಂತು ಅನ್ಕೊಳ್ಳಿ. ಮೊದಲು ಎತ್ತರ, ಆಮೇಲೆ ಅಗಲ, ಆಮೇಲೆ ಚಾನೆಲ್. ಆದ್ರೆ ರೀಸೈಜ್ ಕೇಳೋದು ಅಗಲ ಮೊದಲು, ಎತ್ತರ ಆಮೇಲೆ! ಶೇಪ್‌ನ ಎತ್ತರ, ಅಗಲ ಎರಡನ್ನ ಅದೇ ಕ್ರಮದಲ್ಲಿ ಕೊಟ್ರೆ ಎರರ್ ಬರಲ್ಲ, ಚಿತ್ರ ಹಿಸುಕಿದಂಗೆ ಆಗುತ್ತೆ, ಅಷ್ಟೆ. ರೀಸೈಜ್ ಆದ ಮೇಲೂ ಪ್ರಿಂಟ್ ಮಾಡಿ. ಮೂರು ಚಾನೆಲ್‌ಗಳ ಕ್ರಮ ನೀಲಿ, ಹಸಿರು, ಕೆಂಪು ಅನ್ನೋದನ್ನ ಮಾತ್ರ ಯಾವ ಪ್ರಿಂಟೂ ಹೇಳಲ್ಲ, ಅದನ್ನ ನೆನಪಲ್ಲಿಟ್ಕೊಳ್ಳಿ. ಕೆಂಪು ಮೊದಲು ಅನ್ಕೊಳ್ಳೋ ಮ್ಯಾಟ್‌ಪ್ಲಾಟ್‌ಲಿಬ್ ಅನ್ನೋ ಚಿತ್ರ ತೋರಿಸೋ ಲೈಬ್ರರಿಗೆ ಹಾಗೇ ಕೊಟ್ರೆ ಮುಖಗಳೆಲ್ಲ ನೀಲಿ.

ಡಿಟೈಪ್ ಯಾಕೆ ಅಂತೀರಾ? ಯುಇಂಟ್8ನಲ್ಲಿ, ಅಂದ್ರೆ 0ರಿಂದ 255ರವರೆಗಿನ ಪೂರ್ಣಾಂಕ ಮಾತ್ರ ಹಿಡಿಯೋ 8 ಬಿಟ್ ಬಗೆಯಲ್ಲಿ, 250ಕ್ಕೆ 10 ಕೂಡಿದ್ರೆ ನಂಪೈ ಕೊಡೋದು 4. ಹೌದು, ನಾಲ್ಕು. 255 ದಾಟಿದ್ದು ಸುತ್ತಿ ಸೊನ್ನೆಯಿಂದ ಮತ್ತೆ ಶುರುವಾಗುತ್ತೆ. ಚಿತ್ರ ಬೆಳಗಿಸೋಕೆ ಹೋದ್ರೆ ಬಿಳಿ ಜಾಗದಲ್ಲೇ ಕಪ್ಪು ಮಚ್ಚೆ. ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಬದಲಾಯಿಸಿ, ಕೂಡಿಸಿ, ಎನ್‌ಪಿ ಡಾಟ್ ಕ್ಲಿಪ್‌ನಿಂದ 0–255ರೊಳಗೆ ತಂದು, ವಾಪಸ್ ಯುಇಂಟ್8 ಮಾಡಿ.

ಮಿನ್, ಮ್ಯಾಕ್ಸ್ ಬೇಕಾಗೋದೂ ಇಲ್ಲೇ. 255ರಿಂದ ಭಾಗಿಸಿದ ಚಿತ್ರವನ್ನ ಐಎಂಶೋ ಚೆನ್ನಾಗೇ ತೋರಿಸುತ್ತೆ, ಯಾಕಂದ್ರೆ ಫ್ಲೋಟ್ ಬಂದ್ರೆ ಅದು 255ರಿಂದ ಗುಣಿಸ್ಕೊಳ್ಳುತ್ತೆ. ಅದನ್ನೇ ಐಎಂರೈಟ್‌ನಿಂದ ಸೇವ್ ಮಾಡಿ, ಪೂರ್ತಿ ಕಪ್ಪು! 0ರಿಂದ 1ರವರೆಗಿನ ಬೆಲೆಗಳು 0 ಅಥವಾ 1 ಆಗಿ ಕೂತಿರ್ತವೆ. ಸೈಕಿಟ್-ಇಮೇಜ್ ಅನ್ನೋ ಇನ್ನೊಂದು ಲೈಬ್ರರಿಯ ಗೌಸಿಯನ್ ಫಿಲ್ಟರ್ (ಬ್ಲರ್ ಮಾಡೋದು) ಕೊಡೋದೂ ಇಂಥ ಫ್ಲೋಟನ್ನೇ. ಸ್ಕ್ರೀನ್ ಮೇಲೆ ಸರಿ, ಫೈಲ್‌ನಲ್ಲಿ ಕಪ್ಪು ಅಂತ ತಲೆ ಕೆರ್ಕೊಳ್ಳೋರು ಮ್ಯಾಕ್ಸ್ ನೋಡಿದ್ರೆ ಸಾಕಿತ್ತು, 1.0 ಅಂತ ಕಣ್ಣಿಗೆ ರಾಚ್ತಿತ್ತು.

"ಕೋಡನ್ನ ಎಐ ಬರ್ಕೊಡುತ್ತೆ" ಅಂತಾರೆ. ಬರ್ಕೊಡ್ಲಿ! ನಿಮ್ಮ ಫೈಲ್ 16 ಬಿಟ್ಟಾ, 8 ಬಿಟ್ಟಾ ಅಂತ ಕೋಡ್ ಮಾತ್ರ ನೋಡಿ ಅದಕ್ಕೆ ಹೇಗೆ ಗೊತ್ತಾಗಬೇಕು? "ಡಿಬಗ್ಗರ್ ಇದೆ" ಅಂತಾರೆ. ಅದರಲ್ಲೂ ನೋಡಬೇಕಾಗಿರೋದು ಇವೇ ನಾಲ್ಕು.

ಫೇಸ್ ಡಿಟೆಕ್ಷನ್ ಕೇಳಿದ್ರಲ್ಲ, ಬನ್ನಿ. ಮುಖ ಹುಡುಕೋ ಕ್ಯಾಸ್ಕೇಡ್‌ನ ಡಿಟೆಕ್ಟ್ ಮಲ್ಟಿಸ್ಕೇಲ್‌ಗೆ 8 ಬಿಟ್ ಚಿತ್ರವೇ ಬೇಕು, ಫ್ಲೋಟ್ ಕೊಟ್ರೆ ಅಲ್ಲೇ ಅಸರ್ಷನ್ ಎರರ್. ಚಿತ್ರವನ್ನ ಇದ್ದ ಹಾಗೇ ಓದು ಅನ್ನೋ ಐಎಂರೀಡ್ ಅನ್‌ಚೇಂಜ್ಡ್ ಆಯ್ಕೆಯಲ್ಲಿ ಫೋನ್ ಫೋಟೋ ಓದಿದ್ರೆ ಎಕ್ಸಿಫ್‌ನಲ್ಲಿರೋ (ಫೋಟೋ ಜೊತೆ ಫೋನ್ ಬರೆದಿಡೋ ಮಾಹಿತಿ) ತಿರುಗಿಸೋ ಸೂಚನೆಯನ್ನ ಓಪನ್‌ಸಿವಿ ಲೆಕ್ಕಕ್ಕೆ ತಗೊಳ್ಳಲ್ಲ. ಮುಖ ಅಡ್ಡ ಮಲಗಿರುತ್ತೆ, ಫ್ರಂಟಲ್ ಫೇಸ್ ಕ್ಯಾಸ್ಕೇಡ್‌ಗೆ ಏನೂ ಸಿಗಲ್ಲ. ಅದು ಗೊತ್ತಾಗೋದು ಎಲ್ಲಿಂದ? ಉದ್ದುದ್ದ ತೆಗೆದ ಫೋಟೋದ ಶೇಪ್‌ನಲ್ಲಿ ಎತ್ತರಕ್ಕಿಂತ ಅಗಲ ಜಾಸ್ತಿ ಇರೋದ್ರಿಂದ! ಅದೇ ಶೇಪು! ಯಾವುದನ್ನ ಟೈಮ್ ವೇಸ್ಟ್ ಅಂದ್ರೋ ಅದೇ ಶೇಪು!

ಪ್ರಿಂಟ್ ಮಾಡಿ. ಓದಿದ ಮೇಲೆ ಮಾಡಿ, ಕ್ರಾಪ್ ಆದ ಮೇಲೆ ಮಾಡಿ, ಸೇವ್ ಮಾಡೋ ಮುಂಚೆ ಮಾಡಿ. ಯಾಕೆ ಅಂತ ಇನ್ನೂ ಕೇಳ್ತಿದ್ರೆ, ಮಾಡಿ ಅಷ್ಟೆ!

ಚಾನೆಲ್ ಸಬ್‌ಸ್ಕ್ರೈಬ್ ಮಾಡ್ಕೊಳ್ಳಿ, ಮುಂದಿನ ವಿಡಿಯೋ ಥ್ರೆಶೋಲ್ಡ್ ಬಗ್ಗೆ. ಕೆಳಗೆ ಎರರ್ ಹಾಕಿ ಸಹಾಯ ಕೇಳೋರು ಶೇಪ್, ಡಿಟೈಪ್, ಮಿನ್, ಮ್ಯಾಕ್ಸ್ ನಾಲ್ಕನ್ನೂ ಜೊತೆಗೆ ಹಾಕಿ. ಅದಿಲ್ಲದ ಪ್ರಶ್ನೆಗೆ ಉತ್ತರ ಕೊಡಲ್ಲ.