ಸಣ್ಣದನ್ನು ಬಿಟ್ಟಾಕಿದರೆ ಅದು ಬೀಳುವುದೇ ಇಲ್ಲ ಸ್ವಾಮಿ

ನಮಸ್ಕಾರ. ಹೋದ ವಿಡಿಯೋದಲ್ಲಿ, ದೊಡ್ಡ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸುತ್ತ ಸುತ್ತುತ್ತಾ ಕೊನೆಗೆ ಅದರೊಳಗೆ ಬೀಳುವ ಸಣ್ಣ ಕಪ್ಪುಕುಳಿಯ ಕಥೆ ಹೇಳಿದ್ದೆ. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಹತ್ತು ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಮುಂದೆ ಹತ್ತು ಸೂರ್ಯರ ತೂಕದ್ದು ಯಾವ ಲೆಕ್ಕ? ಆನೆ ಮುಂದೆ ಇರುವೆ. ಬಿಟ್ಟಾಕಿ." ಅದಕ್ಕೆ ಲೈಕ್ ಬೇರೆ! ನನ್ನ ವಿಡಿಯೋಗಿಂತ ಜಾಸ್ತಿ.

ಸರಿ, ಬಿಟ್ಟಾಕೋಣ. ಸಣ್ಣದರ ತೂಕ ಸೊನ್ನೆ ಅಂದುಕೊಳ್ಳಿ. ಏನಾಗುತ್ತದೆ? ಸುತ್ತುತ್ತದೆ. ಸುತ್ತುತ್ತಲೇ ಇರುತ್ತದೆ. ಒಳಗೆ ಬೀಳುವುದೇ ಇಲ್ಲ! ತೂಕ ಇದ್ದರೆ ತಾನೇ ಗುರುತ್ವದ ಅಲೆ ಏಳುವುದು? ಅಲೆ ಎದ್ದರೆ ತಾನೇ ಶಕ್ತಿ ಸೋರಿ ಕಕ್ಷೆ ಕುಗ್ಗುವುದು? ಬೀಳುವ ಕಥೆ ಹೇಳೋಕೆ ಹೊರಟು, ಬೀಳಿಸುವ ಕಾರಣವನ್ನೇ ಕಿತ್ತು ಬಿಸಾಕಿದಿರಿ.

ಸಣ್ಣದು ತಾನೂ ದೇಶಕಾಲವನ್ನು (ಸ್ಪೇಸ್‌ಟೈಮ್) ಒಂಚೂರು ಬಗ್ಗಿಸುತ್ತದೆ. ಆ ಬಾಗು ದೊಡ್ಡದರ ಸುತ್ತ ಚದುರಿ, ವಾಪಸ್ ಬಂದು, ಸಣ್ಣದನ್ನೇ ತಳ್ಳುತ್ತದೆ. ಇದೇ ಸೆಲ್ಫ್ ಫೋರ್ಸ್. ಇದರ ಸಮೀಕರಣ ಬಂದದ್ದು 1997ರಲ್ಲಿ. ಭೌತವಿಜ್ಞಾನಿಗಳಾದ ಮಿನೋ, ಸಸಾಕಿ, ತನಾಕಾ ಒಂದು ಕಡೆ. ಕ್ವಿನ್, ವಾಲ್ಡ್ ಇನ್ನೊಂದು ಕಡೆ. ಐದೂ ಹೆಸರು ಕಲಸಿ ಮಿಸಾಟಾಕುವಾ ಅಂತಾರೆ. ತಮಾಷೆ ಅಲ್ಲ, ನಿಜವಾಗ್ಲೂ.

ಒಂದು ಸುತ್ತಿಗೆ ಈ ತಳ್ಳಾಟ ಏನೂ ಅಲ್ಲ, ಒಪ್ಪಿದೆ. ಆದರೆ ಬೀಳುವ ಮುಂಚಿನ ಕೊನೆಯ ವರ್ಷದಲ್ಲಿ ಎಷ್ಟು ಸುತ್ತು? ಹತ್ತಿರಹತ್ತಿರ ಒಂದು ಲಕ್ಷ! ಪ್ರತಿ ಸುತ್ತಿನಲ್ಲೂ ಲಕ್ಷಕ್ಕೊಂದು ಪಾಲು ತಪ್ಪಿದರೆ ಸಾಕು, ವರ್ಷದ ಕೊನೆಗೆ ಒಂದು ಇಡೀ ಸುತ್ತೇ ಎಕ್ಕುಟ್ಟಿಹೋಯಿತು. ಅದಕ್ಕೇ ವಿಜ್ಞಾನಿಗಳು ಮೊದಲ ತಳ್ಳಾಟಕ್ಕೆ ನಿಲ್ಲಿಸುವುದಿಲ್ಲ. ಅದಕ್ಕಿಂತ ಲಕ್ಷ ಪಟ್ಟು ಸಣ್ಣದಾದ ಎರಡನೇ ಹಂತದ್ದನ್ನೂ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಕಾಮೆಂಟ್ ಹಾಕಿದ ಮಹಾನುಭಾವರು ಬಿಟ್ಟಾಕಿ ಅಂತಾರೆ!

ಗುರುತ್ವದ ಅಲೆ ಹಿಡಿಯುವ ಯುರೋಪಿನ ಬಾಹ್ಯಾಕಾಶ ಯೋಜನೆ ಲೀಸಾ ಹಾರುವುದು 2035ರ ಹೊತ್ತಿಗೆ. ಮೂರು ನೌಕೆ, ಒಂದರಿಂದ ಒಂದಕ್ಕೆ 25 ಲಕ್ಷ ಕಿಲೋಮೀಟರ್. ಈ ಸುತ್ತಾಟದ ಅಲೆಯ ಸಿಗ್ನಲ್ ಗದ್ದಲದ ಅಡಿ ಹೂತಿರುತ್ತದೆ. ಅಲೆಯ ಆಕಾರ ಮೊದಲೇ ಗೊತ್ತಿದ್ದರೆ ಹೆಕ್ಕಬಹುದು. ಲಯ ತಪ್ಪಿದ ಮಾಡೆಲ್ ಹಿಡಿದು ಹುಡುಕಿದರೆ ಸಿಗುವುದು ಬರೀ ಗದ್ದಲ.

"ಸೂಪರ್ ಕಂಪ್ಯೂಟರ್‌ಗೆ ಹಾಕಿ ಬಿಡಿ" ಅಂತ ಇನ್ನೊಬ್ಬರು. ಹಾಕಿ ಸಾರ್, ಹಾಕಿ. ಐನ್‌ಸ್ಟೈನ್ ಸಮೀಕರಣವನ್ನು ನೇರ ಬಿಡಿಸಹೊರಟರೆ ಕೆಲವೇ ಹತ್ತು ಸುತ್ತಿಗೆ ವಾರಗಟ್ಟಲೆ ಬೇಕು. ಲಕ್ಷ ಸುತ್ತಾ? ಮೊಮ್ಮಕ್ಕಳ ಹೆಸರಿಗೆ ವಿಲ್ ಬರೆದಿಟ್ಟು ಶುರು ಮಾಡಿ.

ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಪ್ಲಾನೆಟೇರಿಯಂ ಕಟ್ಟಿ ಬೆಳೆಸಿದವರು, 1970ರಲ್ಲೇ ಕಪ್ಪುಕುಳಿಗೆ ಲೆಕ್ಕದಲ್ಲಿ ಸಣ್ಣ ಅಲೆ ಹೊಡೆದು ಅದು ಹೇಗೆ ಮಿಡಿಯುತ್ತದೆ ಅಂತ ತೋರಿಸಿದರು. ಸಣ್ಣ ಅಲೆ! ಕೇಳಿಸ್ತಾ? ಸಣ್ಣ!

ಇನ್ನೂ ಒಪ್ಪದವರಿಗೆ ನಾನೇನು ಹೇಳಲಿ. ಸಣ್ಣದು ಲೆಕ್ಕಕ್ಕೆ ಬರುತ್ತದೆ. ಬರುತ್ತದೆ ಅಂದರೆ ಬರುತ್ತದೆ, ಅಷ್ಟೇ! ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಮುಂದಿನ ವಾರ ಗಿರಗಿರ ತಿರುಗುವ ಕೆರ್ ಕಪ್ಪುಕುಳಿ. ಅಲ್ಲಿ ಕಕ್ಷೆ ಒಂದು ಸಮತಲದಲ್ಲೂ ನಿಲ್ಲಲ್ಲ, ತಲೆನೋವಿನ ಮಾತ್ರೆ ತಂದಿಟ್ಟುಕೊಳ್ಳಿ.