ಗೋಡೆಗೂ ಅಟ್ಟಿಗೂ ನಡುವಿನ ಎರಡೂವರೆ ಅಡಿ

ಕೇಳುಗರಿಗೆ ನಮಸ್ಕಾರ.

ಸುಗ್ಗಿ ಮುಗಿದ ಮೇಲೆ ಹಳ್ಳಿಯ ಸೊಸೈಟಿ ಗೋದಾಮಿಗೆ ಹೋಗಿ ನೋಡಿ. ಬಾಗಿಲು ತೆಗೆದರೆ ಎದುರಿಗೇ ಚೀಲ. ಗೋಡೆಗೆ ಒರಗಿಸಿ ಒಟ್ಟಿರುತ್ತಾರೆ, ಕಿಟಕಿ ಮುಚ್ಚುವ ಹಾಗೆ ಒಟ್ಟಿರುತ್ತಾರೆ, ಮೇಲೆ ಶೀಟಿಗೆ ತಾಗುವವರೆಗೂ ಒಟ್ಟಿರುತ್ತಾರೆ. ಹೀಗೆ ಒಟ್ಟಿದ ಚೀಲಗಳ ರಾಶಿಗೇ ಅಟ್ಟಿ ಅನ್ನುವುದು. ಯಾಕೆ ಹೀಗೆ ಅಂತ ಕೇಳಿದರೆ, "ಜಾಗ ಎಲ್ಲಿದೆ ಸ್ವಾಮಿ?" ಅಂತಾರೆ. ಇವತ್ತಿನ ನನ್ನ ಮಾತು ಆ ಜಾಗದ ಬಗ್ಗೆಯೇ. ಗೋದಾಮಿನಲ್ಲಿ ಖಾಲಿ ಬಿಟ್ಟ ಜಾಗ ದಂಡ ಅಂತ ತುಂಬ ಜನ ತಿಳಿದಿದ್ದಾರೆ. ಅದನ್ನು ತುಂಬಿಸಿದರೆ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಅದಕ್ಕೂ ಮೊದಲು ತೇವದ ವಿಷಯ. ಸರ್ಕಾರದ ಖರೀದಿ ಕೇಂದ್ರದಲ್ಲಿ ಭತ್ತಕ್ಕೆ ಶೇಕಡಾ 17ರವರೆಗೆ ತೇವ ಇದ್ದರೂ ತಗೊಳ್ಳುತ್ತಾರೆ. ಆ ಭತ್ತ ಮಿಲ್ಲಿಗೆ ಹೋಗುತ್ತದೆ, ಸರಿ. ತಿಂಗಳುಗಟ್ಟಲೆ ಇಡುವ ಕಾಳು ಮಾತ್ರ 12ರ ಆಸುಪಾಸಿಗೆ ಒಣಗಿರಬೇಕು. ಬೇಳೆಕಾಳಾದರೆ ಇನ್ನೂ ಕಡಿಮೆ. ಹಸಿ ಕಾಳು ಉಸಿರಾಡುತ್ತದೆ, ಬಿಸಿ ಏಳುತ್ತದೆ. ಬಿಸಿಗೆ ಹುಳ ಬೇಗ ಮರಿ ಹಾಕುತ್ತದೆ. ಹುಳ ಹೆಚ್ಚಾದಷ್ಟೂ ಬಿಸಿ ಇನ್ನೂ ಜಾಸ್ತಿ. ಅನುಮಾನ ಬಂದರೆ ಅಟ್ಟಿಯ ಒಂದು ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ. ಒಳಗೆ ಬೆಚ್ಚಗಿದೆಯಾ? ಕೈ ಹೊರತೆಗೆದಾಗ ಬೆರಳಿಗೆ ಬಿಳಿ ಹಿಟ್ಟು ಮೆತ್ತಿದೆಯಾ? ಮುಗ್ಗಲು ವಾಸನೆ ಇದೆಯಾ? ಹಾಗಿದ್ದರೆ ಆ ಅಟ್ಟಿ ಕೆಡಲು ಶುರುವಾಗಿದೆ ಅಂತಲೇ ಲೆಕ್ಕ.

ಮೆಕ್ಕೆಜೋಳ, ಶೇಂಗಾ ಬೂಷ್ಟು ಹಿಡಿದರೆ ಇನ್ನೊಂದು ಅಪಾಯ ಇದೆ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ಮನುಷ್ಯರಿಗೆ ಆಗದಿದ್ದರೆ ದನಕ್ಕಾದರೂ ಹಾಕೋಣ ಅಂತ ಹಾಕಬೇಡಿ, ಹಸು ತಿಂದರೆ ಹಾಲಿಗೂ ಬರುತ್ತದೆ.

ಇನ್ನು ನೆಲ. ಸಿಮೆಂಟ್ ನೆಲ, ಒಣಗೇ ಇದೆ ಅಲ್ವಾ ಅಂತ ನೇರವಾಗಿ ಅದರ ಮೇಲೆ ಚೀಲ ಹಾಕುವವರಿದ್ದಾರೆ. ಮಳೆಗಾಲದಲ್ಲಿ ಅದೇ ನೆಲ ತೇವವನ್ನು ಮೇಲಕ್ಕೆ ಎಳೆಯುತ್ತದೆ, ಅಡಿಯ ಸಾಲು ಕಪ್ಪಾಗಿ ಗಟ್ಟಿ ಕಟ್ಟುತ್ತದೆ. ಕೆಳಗೆ ಮರದ ಪಟ್ಟಿಗಳ ಚೌಕಟ್ಟು ಹಾಕುವುದು ಒಳ್ಳೆಯದು. ಅದಿಲ್ಲವಾದರೆ ಎರಡು ಬಿದಿರಿನ ಚಾಪೆ, ನಡುವೆ ಒಂದು ಪ್ಲಾಸ್ಟಿಕ್ ಹಾಳೆ.

ಗೋಡೆಯಿಂದ ಎರಡೂವರೆ ಅಡಿ ಬಿಟ್ಟೇ ಅಟ್ಟಿ ಶುರುವಾಗಬೇಕು. ಒಬ್ಬ ಮನುಷ್ಯ ಪೊರಕೆ, ಟಾರ್ಚು ಹಿಡಿದು ಅಟ್ಟಿಯ ಸುತ್ತ ಬರಬೇಕಲ್ಲ, ಅದಕ್ಕೆ. ಹಿಂಭಾಗಕ್ಕೆ ಹೋಗಲು ಆಗದ ಅಟ್ಟಿಯಲ್ಲಿ ಏನಾಗುತ್ತಿದೆ ಅಂತ ಹೆಗ್ಗಣಕ್ಕೆ ಮಾತ್ರ ಗೊತ್ತಿರುತ್ತದೆ. ಗೋಡೆಯ ಸೋರಿಕೆ ಚೀಲಕ್ಕೆ ತಾಗುವುದಿಲ್ಲ, ಚೆಲ್ಲಿದ ಕಾಳು ಗುಡಿಸಬಹುದು, ಬಿಲ ಬಿದ್ದರೆ ಕಣ್ಣಿಗೆ ಬೀಳುತ್ತದೆ. ಮುಂದೆ ಹುಳ ಕೊಲ್ಲಲು ವಿಷದ ಗಾಳಿ ಕೊಡಬೇಕಾಗಿ ಬಂದರೆ ಅಟ್ಟಿಗೆ ಹೊದಿಸುವ ಹಾಳೆ ನೆಲದವರೆಗೆ ಇಳಿಯುವುದೂ ಈ ಜಾಗದಲ್ಲೇ.

ದೊಡ್ಡ ಗೋದಾಮುಗಳಲ್ಲಿ ಅಟ್ಟಿಯ ಅಳತೆ ಸಾಮಾನ್ಯವಾಗಿ 30 ಅಡಿ ಉದ್ದ, 20 ಅಡಿ ಅಗಲ. ಒಂದು ಸಾಲು ಉದ್ದಕ್ಕೆ ಹಾಕಿದರೆ ಮೇಲಿನದು ಅಡ್ಡಕ್ಕೆ. ಹಾಗೆ ಹಾಕಿದರೆ ಚೀಲ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹೊರಸುತ್ತಿನ ಚೀಲಗಳ ಬಾಯಿ ಒಳಮುಖವಾಗಿರಲಿ, ಹೊಲಿಗೆ ಬಿಚ್ಚಿದರೂ ಕಾಳು ಸುರಿಯುವುದಿಲ್ಲ. ಪ್ಲಾಸ್ಟಿಕ್ ಚೀಲ ಜಾರುತ್ತದೆ, ಗೋಣಿಚೀಲದಷ್ಟು ಎತ್ತರಕ್ಕೆ ಅದನ್ನು ಒಟ್ಟಬೇಡಿ. ಚೀಲ ತೆಗೆಯುವಾಗ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಬೇಗ ಆಗಲಿ ಅಂತ ಒಂದು ಪಕ್ಕದಿಂದ ಅಡಿಯ ಚೀಲ ಎಳೆದರೆ ಇಡೀ ಅಟ್ಟಿ ಹಮಾಲರ ಮೇಲೆ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಒಂದು ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಕ್ಕಿ, ಬಿಹಾರದಿಂದ ದುಡಿಯಲು ಬಂದಿದ್ದ 7 ಮಂದಿ ಸತ್ತರು. ಅಲ್ಲಿನ ಕಾರಣ ಬೇರೆ ಇರಬಹುದು. ಕಾಳಿನ ರಾಶಿಯ ತೂಕ ಎಂಥದ್ದು ಅನ್ನುವುದಂತೂ ಗೊತ್ತಾಗುತ್ತದೆ.

ಹುಳ ಎಲ್ಲಿಂದ ಬರುತ್ತದೆ? ತೊಗರಿ, ಹೆಸರು, ಅಲಸಂದೆಗೆ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ, ಕಾಳಿನ ಜೊತೆಗೇ ಒಳಗೆ ಬರುತ್ತದೆ. ಅಕ್ಕಿ, ಗೋಧಿ, ಜೋಳದ ವಿಷಯದಲ್ಲಿ ಹಳೇ ಚೀಲ ದೊಡ್ಡ ತಂಟೆ. ಹೊಲಿಗೆಯ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಹುಳ ಕಾದಿರುತ್ತದೆ. ಕಪ್ರಾ ದುಂಬಿಯ ಮರಿಯಂತೂ ಆಹಾರವಿಲ್ಲದೆ ವರ್ಷಗಟ್ಟಲೆ ಸುಮ್ನೆ ಕೂತಿರಬಲ್ಲದು. ಹಳೇ ಚೀಲವನ್ನು ತಿರುವಿ ಕೊಡವಿ, ಕಡು ಬಿಸಿಲಿಗೆ ಹಾಕಿ ಬಳಸಿ. ಬಿರುಕಿಗೆ ಸಿಮೆಂಟ್ ಮೆತ್ತಿ. ಹಳೇ ದಾಸ್ತಾನಿನ ಪಕ್ಕದಲ್ಲೇ ಹೊಸ ಮಾಲು ಇಡಬೇಡಿ. ರಾಗಿ ಇಟ್ಟವರಿಗೆ ಈ ಕಾಟ ಕಡಿಮೆ. ಕಾಳು ಅಷ್ಟು ಚಿಕ್ಕದು, ಒಳಗೆ ಕೂತು ಬೆಳೆಯಲು ಮೂತಿ ಹುಳಕ್ಕೆ ಜಾಗವೇ ಇಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಕೊನೆಗೆ ಹುಳ ಕೊಲ್ಲುವ ಮಾತ್ರೆಯ ವಿಷಯ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಹುಳವನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ತರಬೇತಿ, ಪರವಾನಗಿ ಇರುವವರೇ ಹಾಕಬೇಕು. ಮನೆಯ ಕೋಣೆಯಲ್ಲಿಟ್ಟ ಚೀಲಕ್ಕೆ ಖಂಡಿತ ಬೇಡ. ಅಟ್ಟಿಗೆ ತೂತಿಲ್ಲದ ಹಾಳೆ ಹೊದಿಸಿ, ಅಂಚಿನ ಮೇಲೆ ಮರಳು ತುಂಬಿದ ಉದ್ದನೆಯ ಚೀಲ ಇಟ್ಟು, ಕನಿಷ್ಠ 7 ದಿನ ಬಿಡುತ್ತಾರೆ. ಎರಡೇ ದಿನಕ್ಕೆ ತೆಗೆದರೆ ದೊಡ್ಡ ಹುಳ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಆಮೇಲೆ ಮಾತ್ರೆಗೆ ಶಕ್ತಿ ಇಲ್ಲ ಅಂತ ಬೈಯುತ್ತೇವೆ. ಅವಧಿ ಮುಗಿದ ಮೇಲೆ ಹಾಳೆ ಪೂರ್ತಿ ತೆಗೆಯಿರಿ. ಧೂಳು ಕೂರದಿರಲಿ ಅಂತ ಹಾಗೇ ಬಿಟ್ಟರೆ ಒಳಗೆ ಬೆವರಿ ಮೇಲಿನ ಸಾಲು ಬೂಷ್ಟು ಹಿಡಿಯುತ್ತದೆ. ಬಾಗಿಲು, ಕಿಟಕಿ ತೆರೆದು ಗಾಳಿ ಆಡಿಸಿ, ಅನಿಲ ಹೋಗಿದೆ ಅಂತ ಅಳೆದು ನೋಡಿದ ಮೇಲೆಯೇ ಕೂಲಿಯವರನ್ನು ಒಳಗೆ ಬಿಡಿ. ಆ ದಿನಗಳಲ್ಲಿ ಕಾವಲುಗಾರರು ಗೋದಾಮಿನ ಒಳಗಾಗಲಿ, ಅದಕ್ಕೆ ಅಂಟಿದ ಕೋಣೆಯಲ್ಲಾಗಲಿ ಮಲಗಬಾರದು. ಅವರಿಗೆ ಬೇರೆ ಕಡೆ ಮಲಗುವ ಏರ್ಪಾಡನ್ನು ಮಾತ್ರೆ ಹಾಕುವ ಮೊದಲೇ ಮಾಡಿ.

ನಮಸ್ಕಾರ.