ಕೀವು ಒರೆಸಿ ಬಿಡಿ, ಕೋಶ ತೆಗೆಯಿರಿ: ಕಣ್ಣಿನ ಕ್ಲಮೈಡಿಯಾ ಪತ್ತೆ

ನಮಸ್ಕಾರ. ಕುಂಬಳೆ, ಬದಿಯಡ್ಕ ಕಡೆಯ ವೀಕ್ಷಕರ ಪ್ರಶ್ನೆ ಇದು: ಹತ್ತು ದಿನದ ಮಗುವಿನ ಕಣ್ಣಲ್ಲಿ ಕೀವು, ಆದರೆ ಕಲ್ಚರ್ ರಿಪೋರ್ಟಿನಲ್ಲಿ ಏನೂ ಬೆಳೆದಿಲ್ಲ. ಹಾಗಾದರೆ ಸೋಂಕೇ ಇಲ್ಲವಾ?

ಹಾಗೆ ಹೇಳಲಿಕ್ಕಾಗುವುದಿಲ್ಲ. ಹುಟ್ಟಿದ 5ರಿಂದ 14 ದಿನದೊಳಗೆ ಬರುವ ಇಂಥ ಕಣ್ಣುಬೇನೆಗೆ ಕ್ಲಮೈಡಿಯಾ ಟ್ರಕೋಮ್ಯಾಟಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣಗಳಲ್ಲೊಂದು. ಹೆರಿಗೆಯ ಹೊತ್ತಿಗೆ ತಾಯಿಯಿಂದ ಬರುತ್ತದೆ. ಅದು ಬೆಳೆಯುವುದು ಜೀವಕೋಶದ ಒಳಗೆ ಮಾತ್ರ. ಮಾಮೂಲಿ ಕಲ್ಚರಿಗೆ ಬಳಸುವ ಬ್ಲಡ್ ಅಗಾರ್ ತಟ್ಟೆಯಲ್ಲಿ ಎಷ್ಟು ದಿನ ಇಟ್ಟರೂ ಕಾಣಿಸದು.

ಹಾಗಾಗಿ ಕೀವಿನಿಂದ ಉಪಯೋಗ ಕಡಿಮೆ. ಒದ್ದೆ ಗಾಜ್‌ನಿಂದ ಕೀವು ಒರೆಸಿ ತೆಗೆಯಬೇಕು. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ರೆಪ್ಪೆ ಮಗುಚಿ, ಒಳಪೊರೆಯನ್ನು ಮೊಂಡು ಸ್ಪ್ಯಾಚುಲಾದಿಂದ ಕೆರೆಯಬೇಕು. ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ಒಣಗಿಸಿ, ಮೆಥನಾಲ್‌ನಲ್ಲಿ 5 ನಿಮಿಷ ಇಟ್ಟು, ಕೋಶಗಳು ಎದ್ದು ಕಾಣುವಂತೆ ಮಾಡುವ ಜೀಮ್ಸಾ ಬಣ್ಣ ಹಾಕುವುದು.

[ತೆರೆಯಲ್ಲಿ: ಸ್ಲೈಡಿನ ಚಿತ್ರ]

ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ಬಹಳ ಇಷ್ಟವಾದ ಭಾಗ ಇದು. ಮೈಕ್ರೋಸ್ಕೋಪಿನ ಆಯಿಲ್ ಇಮ್ಮರ್ಶನ್‌ನಲ್ಲಿ, ಅಂದರೆ ಎಣ್ಣೆ ಹನಿ ಹಾಕಿ ತುಂಬ ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ, ನೋಡಿ: ಕೋಶದ ನಡುವೆ ದುಂಡನೆಯ ನ್ಯೂಕ್ಲಿಯಸ್. ಅದಕ್ಕೆ ಒತ್ತಿಕೊಂಡು ನೀಲಿ-ನೇರಳೆ ಕಣಗಳ ಒಂದು ಗುಂಪು, ತೋಟದ ಕೆಲಸಕ್ಕೆ ಹೊರಟವರ ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿಯ ಹಾಗೆ! ಅದೇ ಇನ್‌ಕ್ಲೂಶನ್ ಬಾಡಿ, ಕೋಶದೊಳಗೆ ಬೆಳೆದ ಕ್ಲಮೈಡಿಯಾದ ಗುಂಪು. ಹಾಲ್ಬರ್‌ಸ್ಟೇಟರ್ ಮತ್ತು ಪ್ರೊವಾಜೆಕ್ ಎಂಬ ವಿಜ್ಞಾನಿಗಳು 1907ರಲ್ಲಿ ಜಾವಾದಲ್ಲಿ ಇದನ್ನು ಗುರುತಿಸಿದರು. ಕಣ್ಣು ಮೋಸ ಹೋಗುವುದೂ ಇಲ್ಲಿಯೇ. ಸರಿಯಾಗಿ ತೊಳೆಯದ ಬಣ್ಣದ ಚೂರು, ಕೋಶದೊಳಗಿನ ಮೆಲನಿನ್ ಕಣ, ಎರಡೂ ಹಾಗೇ ಕಾಣುತ್ತವೆ. ಸ್ಲೈಡಿನ ತುಂಬ ಕೀವಿನ ಕೋಶಗಳೇ ಇದ್ದು ಒಳಪೊರೆಯ ಕೋಶ ಇಲ್ಲದಿದ್ದರೆ "ನೆಗೆಟಿವ್" ಎಂದು ಬರೆಯಲೇಬಾರದು. "ಸ್ಯಾಂಪಲ್ ಸಾಲದು" ಎಂದೇ ಬರೆಯಬೇಕು.

ಶಿಶುಗಳಲ್ಲಿ ಜೀಮ್ಸಾ ಚೆನ್ನಾಗಿ ಹಿಡಿಯುತ್ತದೆ, ದೊಡ್ಡವರಲ್ಲಿ ಬಹಳಷ್ಟು ತಪ್ಪಿಹೋಗುತ್ತದೆ. ದೊಡ್ಡವರಿಗೆ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ, ಒಳ್ಳೆಯದು.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಬೇಗ. ಸ್ಯಾಂಪಲ್ ತೆಗೆಯಲು ಮರದ ಕಡ್ಡಿಯ ಸ್ವಾಬ್ ಬೇಡ, ಪರೀಕ್ಷೆಯ ಕಿಟ್ಟಿನಲ್ಲಿ ಬರುವ ಸ್ವಾಬನ್ನೇ ಬಳಸಿ. ಕಣ್ಣು ಪರೀಕ್ಷಿಸಲು ಬಳಸುವ ಫ್ಲೋರೆಸೀನ್ ಬಣ್ಣ ಹಾಕುವ ಮೊದಲೇ ಸ್ಯಾಂಪಲ್ ತೆಗೆಯಿರಿ, ಇಲ್ಲದಿದ್ದರೆ ಹೊಳೆಯುವ ಆಂಟಿಬಾಡಿಯಿಂದ ಕ್ಲಮೈಡಿಯಾ ಹುಡುಕುವ ಫ್ಲೋರೆಸೆಂಟ್ ಆಂಟಿಬಾಡಿ ಪರೀಕ್ಷೆಯಲ್ಲಿ ಎಲ್ಲ ಹಸಿರಾಗಿ ಹೊಳೆಯುತ್ತದೆ. ಸೆಲ್ ಕಲ್ಚರಿಗೆ, ಅಂದರೆ ಜೀವಂತ ಕೋಶಗಳಲ್ಲಿ ಬೆಳೆಸಿ ನೋಡಲು, ಮಂಗಳೂರಿಗೋ ಇನ್ನೆಲ್ಲಿಗೋ ಕಳಿಸುವುದಾದರೆ ಟ್ರಾನ್ಸ್‌ಪೋರ್ಟ್ ಮೀಡಿಯಂನಲ್ಲಿ, 4 ಡಿಗ್ರಿಯಲ್ಲಿ, ಅದೇ ದಿನ ಹೊರಡಿಸಿ. ಮಾಮೂಲಿ ಫ್ರೀಜರಿಗೆ ಹಾಕಿದರೆ ಕ್ಲಮೈಡಿಯಾ ಸಾಯುತ್ತದೆ. ಜೊತೆಗೆ ಬೇರೆ ಬ್ಯಾಕ್ಟೀರಿಯಾ ತೋರಿಸುವ ಗ್ರಾಮ್ ಸ್ಟೇನ್ ಮಾಡಿಸಲೇಬೇಕು, ಗೊನೊರಿಯಾ ತರುವ ಗೊನೊಕಾಕಸ್ ಆಗಿದ್ದರೆ ಕಾರ್ನಿಯಾ ತೂತಾಗಲು ತಡವಿಲ್ಲ.

ಕ್ಲಮೈಡಿಯಾ ಪಾಸಿಟಿವ್ ಬಂದರೆ ಕಣ್ಣಿನ ಡ್ರಾಪ್ಸ್ ಮಾತ್ರ ಸಾಲದು. ಮೂಗು-ಗಂಟಲಲ್ಲೂ ಅದು ಇರಬಹುದು, ಆಮೇಲೆ ನ್ಯುಮೋನಿಯಾ ಆಗಬಹುದು. ಮಗುವಿಗೆ ಕುಡಿಸುವ ಆಂಟಿಬಯಾಟಿಕ್ ಬೇಕು, ಅಮ್ಮ-ಅಪ್ಪ ಇಬ್ಬರಿಗೂ ಚಿಕಿತ್ಸೆ ಬೇಕು.